ಜ್ಞಾನದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹಿರಿಯರು ಒಂದೇ ಸಾಲಿನಲ್ಲಿ ಹೇಳಿರುವುದು ಅರ್ಥವತ್ತಾಗಿದೆ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅರಿಯದವನಿಗೆ ಅರಿವು, ಅಂಜಿದವನಿಗೆ ಅಭಯ. ಇವು ನಾಲ್ಕೂ ಬೇರೆ ಬೇರೆಯಾಗಿ ತೋರಿದರೂ ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗುವುದಿಲ್ಲ. ಹಸಿವಿನಿಂದ ಕಂಗೆಟ್ಟವನಿಗೆ ಪಾಠ ಹತ್ತುವುದಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಅಂಜಿ ಕುಳಿತವನಿಗೂ ಪಾಠ ಹತ್ತುವುದಿಲ್ಲ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಬಡ ವಿದ್ಯಾರ್ಥಿಯ ಶುಲ್ಕ ಕಟ್ಟುವವರಿದ್ದಾರೆ; ಊಟ ವಸತಿಗಳನ್ನು ಕಲ್ಪಿಸುವ ಸಂಸ್ಥೆಗಳಿವೆ. ಆ ವಿದ್ಯಾರ್ಥಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹೊಸ್ತಿಲು ದಾಟಿದ ಮೇಲೆ ಒಳಗೆ ಅವನ ಪಾಡೇನು ಎಂದು ವಿಚಾರಿಸುವವರು ಮಾತ್ರ ವಿರಳ.

ವಿಜ್ಞಾನದ ಸಂಶೋಧನೆ ಕೇವಲ ಪುಸ್ತಕ ಓದಿ ಪಡೆಯುವ ವಿದ್ಯೆಯಲ್ಲ. ಬಲ್ಲವರ ಪಕ್ಕದಲ್ಲಿ ನಿಂತು, ತಪ್ಪಿ, ತಿದ್ದಿಕೊಂಡು ಕಲಿಯಬೇಕಾದ ವಿದ್ಯೆ ಅದು. ಯಾವ ಪ್ರಶ್ನೆ ಕೇಳಲು ಯೋಗ್ಯ, ಯಾವ ಫಲಿತಾಂಶವನ್ನು ನಂಬಬೇಕು, ಫಲಿಸದ ಪ್ರಯೋಗವನ್ನು ಎಲ್ಲಿ ಕೈಬಿಡಬೇಕು, ಲೇಖನವನ್ನು ಯಾವ ಪತ್ರಿಕೆಗೆ ಕಳುಹಿಸಬೇಕು ಎಂಬಂಥ ತಿಳಿವಳಿಕೆ ಯಾವ ಪಠ್ಯಕ್ರಮದಲ್ಲಿಯೂ ಅಚ್ಚಾಗಿರುವುದಿಲ್ಲ. ಮನೆತನದಲ್ಲಿ ಓದಿದವರಿದ್ದರೆ ಇದರಲ್ಲಿ ಅರ್ಧವು ಊಟದ ಹೊತ್ತಿನ ಮಾತಿನಲ್ಲಿಯೇ ಕಿವಿಗೆ ಬೀಳುತ್ತದೆ. ತನ್ನ ಕುಲದಲ್ಲಿ, ತನ್ನ ಊರಿನಲ್ಲಿ, ಕೆಲವೊಮ್ಮೆ ತನ್ನ ಲಿಂಗದಲ್ಲಿಯೇ ಮೊದಲಿಗರಾಗಿ ಬಂದವರಿಗೆ ಅಧ್ಯಾಪಕನಲ್ಲದೆ ಬೇರೆ ದಾರಿಯಿಲ್ಲ. ಹಾಗಿದ್ದಲ್ಲಿ ಅಂಥವರ ಕೈಹಿಡಿದು ನಡೆಸುವುದು ಅಧ್ಯಾಪಕನ ಔದಾರ್ಯವೋ, ಕರ್ತವ್ಯವೋ? ಕೆಲವರಿಗೆ ವಿಶೇಷ ಗಮನ ಕೊಟ್ಟರೆ ಅದು ಉಳಿದವರಿಗೆ ಮಾಡಿದ ಅನ್ಯಾಯವಾಗದೇ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ನಡೆದ ಸಂಗತಿಗಳ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಅಂಥ ಸಂಗತಿಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ನಡೆಯಿತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಲು ಅರ್ಜಿ ಹಾಕಿದರು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ್ ಇವರ ಸಹೋದರಿ. ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಅದೇ ಸಂಸ್ಥೆಯಲ್ಲಿ ಕಲಿತವರು. ಮನೆತನ, ಅಂಕ, ಆಸಕ್ತಿ ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಆಕೆ ಹೆಣ್ಣು ಎಂಬುದೇ ಅದಕ್ಕೆ ಕಾರಣ. ತಿರಸ್ಕರಿಸಿದವರು ಸಾಮಾನ್ಯರಲ್ಲ. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು ದೇಶಕ್ಕೆಲ್ಲ ಹೆಮ್ಮೆ ತಂದ, ಆ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದ ಸರ್ ಸಿ. ವಿ. ರಾಮನ್.

ಕಮಲಾ ಅವರು ಹಿಂದಿರುಗಲಿಲ್ಲ. ಗಾಂಧೀಜಿಯವರ ಮಾರ್ಗದಲ್ಲಿ ನಂಬಿಕೆಯಿದ್ದ ಅವರು ಬೆಂಗಳೂರಿಗೆ ಬಂದು, ತಮ್ಮನ್ನು ಸೇರಿಸಿಕೊಳ್ಳದಿರಲು ಕಾರಣವೇನೆಂದು ನಿರ್ದೇಶಕರನ್ನು ನೇರವಾಗಿ ಕೇಳಿದರು. ಪಟ್ಟು ಬಿಡದೆ ನಿಂತರು. ಕೊನೆಗೆ ಪ್ರವೇಶ ದೊರೆಯಿತಾದರೂ ಅದಕ್ಕೆ ನಿಬಂಧನೆಗಳಿದ್ದವು. ಒಂದು ವರ್ಷದವರೆಗೆ ಆಕೆ ಪೂರ್ಣ ವಿದ್ಯಾರ್ಥಿನಿ ಎನಿಸಿಕೊಳ್ಳುವಂತಿಲ್ಲ. ಕೆಲಸದ ಗುಣ ನಿರ್ದೇಶಕರಿಗೆ ಒಪ್ಪಿಗೆಯಾಗುವ ತನಕ ಆ ಕೆಲಸಕ್ಕೆ ಮಾನ್ಯತೆಯಿಲ್ಲ. ಆಕೆಯ ಇರವಿನಿಂದ ಪುರುಷ ಸಂಶೋಧಕರ ಏಕಾಗ್ರತೆಗೆ ಭಂಗ ಬರಕೂಡದು.

ಈ ಮೂರು ನಿಬಂಧನೆಗಳನ್ನು ಬಿಡಿಸಿ ನೋಡಬೇಕು. ಮೊದಲ ಎರಡು ಆಕೆಯ ಕೆಲಸಕ್ಕೆ ಸಂಬಂಧಿಸಿದವು. ಶ್ರಮದಿಂದ ಅವನ್ನು ಗೆಲ್ಲಬಹುದು. ಮೂರನೆಯದು ಆಕೆಯ ಇರವಿಗೆ ಸಂಬಂಧಿಸಿದ್ದು. ಅದನ್ನು ಯಾವ ಶ್ರಮದಿಂದ ಗೆಲ್ಲಲು ಸಾಧ್ಯ? ಇನ್ನೊಬ್ಬರ ಮನಸ್ಸಿನ ಚಾಂಚಲ್ಯವನ್ನು ಈಕೆಯ ಲೆಕ್ಕಕ್ಕೆ ಬರೆದಂತಾಯಿತು. ತನ್ನ ಕಷಾಯಗಳಿಗೆ ತಾನೇ ಹೊಣೆ ಎಂಬ ತತ್ತ್ವವನ್ನು ಬಲ್ಲವರಿಗೆ ಇದರ ಅಸಂಗತತೆಯನ್ನು ವಿವರಿಸಬೇಕಾಗಿಲ್ಲ. ಇನ್ನೂ ಒಂದು ಸೂಕ್ಷ್ಮವುಂಟು. ಆ ವರ್ಷ ಒಬ್ಬ ತರುಣ ಸೋತಿದ್ದರೆ ಅವನೊಬ್ಬನೇ ಸೋಲುತ್ತಿದ್ದನು. ಕಮಲಾ ಸೋತಿದ್ದರೆ ಹೆಣ್ಣುಮಕ್ಕಳೇ ಸೋತರೆಂದು ಬಾಗಿಲು ಮತ್ತೆ ಮುಚ್ಚುತ್ತಿತ್ತು. ಒಬ್ಬರ ತಪ್ಪನ್ನು ಇಡೀ ಸಮುದಾಯದ ಲಕ್ಷಣವೆಂದು ಎಣಿಸುವ ಕಡೆ ವಿದ್ಯಾರ್ಥಿಯ ಬೆನ್ನಿನ ಮೇಲೆ ಎರಡು ಹೊರೆಗಳಿರುತ್ತವೆ. ಒಂದು ವಿದ್ಯೆಯದು, ಇನ್ನೊಂದು ಭಯದ್ದು. ಮೊದಲನೆಯದನ್ನು ಹೊರಲೆಂದೇ ಅವರು ಬಂದಿರುತ್ತಾರೆ. ಎರಡನೆಯದನ್ನು ಹೊರಿಸಿದವರು ಬೇರೆಯವರು.

ಆ ಹೊರೆಯನ್ನು ಸ್ವಲ್ಪ ಇಳಿಸಿದವರು ಅದೇ ಸಂಸ್ಥೆಯಲ್ಲಿ ಕಮಲಾ ಅವರ ಮಾರ್ಗದರ್ಶಕರಾಗಿದ್ದ ಎಂ. ಶ್ರೀನಿವಾಸಯ್ಯನವರು. ಅವರು ಬಹಳ ಶಿಸ್ತಿನವರು. ಕೆಲಸದಲ್ಲಿ ರಿಯಾಯಿತಿ ತೋರಿದವರಲ್ಲ. ಜೀವರಸಾಯನಶಾಸ್ತ್ರದ ಶ್ರೇಷ್ಠ ಗ್ರಂಥಗಳನ್ನೂ ಲೇಖನಗಳನ್ನೂ ಓದಿಸಿದರು. ಸಂದೇಹ ಬಂದಾಗ ಆ ಕ್ಷೇತ್ರದ ದೊಡ್ಡ ವಿಜ್ಞಾನಿಗಳಿಗೆ ಪತ್ರ ಬರೆದು ಕೇಳುವಂತೆ ಪ್ರೋತ್ಸಾಹಿಸಿದರು. ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಹೊಸ್ತಿಲಲ್ಲಿಯೇ ಅನುಮಾನಕ್ಕೆ ಗುರಿಯಾದ ವಿದ್ಯಾರ್ಥಿನಿಗೆ, ದೂರದೇಶದ ಪಂಡಿತರನ್ನು ಪ್ರಶ್ನಿಸುವ ಅಧಿಕಾರ ನಿನಗಿದೆ ಎಂದು ಗುರು ಹೇಳಿದಂತಾಯಿತು. ಅಭಯವೆಂದರೆ ಇದೇ. ಬೆನ್ನು ತಟ್ಟಿ ಸಮಾಧಾನ ಹೇಳುವುದಷ್ಟೇ ಅಭಯವಲ್ಲ. ದೊಡ್ಡ ಕೆಲಸಕ್ಕೆ ನೀನು ಅರ್ಹಳೆಂದು ನಂಬಿ ಅದನ್ನು ಕೈಗೆ ಕೊಡುವುದು ಅಭಯ.

ಕಮಲಾ ಅವರು ಹಾಲು, ದ್ವಿದಳ ಧಾನ್ಯಗಳಲ್ಲಿರುವ ಪ್ರೋಟೀನುಗಳ ಮೇಲೆ ದುಡಿದರು. ಬೇಳೆಕಾಳುಗಳೇ ಬಹುಪಾಲು ಜನರ ಪೋಷಣೆಗೆ ಆಧಾರವಾಗಿರುವ ದೇಶದಲ್ಲಿ ಅದು ಬೆಲೆಯುಳ್ಳ ಕೆಲಸ. ವರ್ಷದ ಕೊನೆಗೆ ರಾಮನ್ ಅವರಿಗೆ ತೃಪ್ತಿಯಾಯಿತು. ಆ ಬಳಿಕ ಬೇರೆ ವಿದ್ಯಾರ್ಥಿನಿಯರಿಗೂ ಸಂಸ್ಥೆಯ ಬಾಗಿಲು ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್ಸಿ. ಪದವಿ ಪಡೆದು ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ಹಗಲಿನ ಹೊತ್ತು ತಮ್ಮ ಪ್ರಯೋಗಾಲಯದ ಮೇಜನ್ನೇ ಈಕೆಗೆ ಬಿಟ್ಟುಕೊಟ್ಟರು. ಅನಂತರ ರಾಬಿನ್ ಹಿಲ್ ಅವರ ಬಳಿ ಕೆಲಸ ಮಾಡುತ್ತಿದ್ದಾಗ ಆಲೂಗಡ್ಡೆಯ ಮೇಲಿನ ಪ್ರಯೋಗಗಳಿಂದ, ಜೀವಕೋಶದ ಉಸಿರಾಟಕ್ಕೆ ಅವಶ್ಯವಾದ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳಲ್ಲಿಯೂ ಇರುವುದನ್ನು ಕಮಲಾ ತೋರಿಸಿಕೊಟ್ಟರು. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಕೇಂಬ್ರಿಜ್ ಆದರೂ ಎಲ್ಲ ವಿಧದಲ್ಲಿ ಆದರ್ಶವಾಗಿತ್ತೆಂದಲ್ಲ. ಮಹಿಳೆಯರನ್ನು ಪೂರ್ಣ ಪದವೀಧರರೆಂದು ಆ ವಿಶ್ವವಿದ್ಯಾಲಯ ಒಪ್ಪಿಕೊಂಡದ್ದು 1948ರಲ್ಲಿ. ನಿಯಮಗಳು ಇನ್ನೂ ಬಾಗಿರದ ಕಾಲದಲ್ಲಿಯೂ ಒಬ್ಬ ಅಧ್ಯಾಪಕ ತನ್ನ ಮೇಜಿನ ಜಾಗವನ್ನು ಬಿಟ್ಟುಕೊಡಬಹುದು ಎಂಬುದೇ ಈ ವೃತ್ತಾಂತದ ಪಾಠ.

ಒಳಗೆ ಸೇರಿಸಿಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯಿತೇ? ಈ ಪ್ರಶ್ನೆಗೆ ಅಣ್ಣಾ ಮಣಿ ಅವರ ಜೀವನ ಉತ್ತರ ಹೇಳುತ್ತದೆ. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅವರು 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿದರು. ಏಳು ವರ್ಷಗಳ ಹಿಂದೆ ಹೆಣ್ಣೆಂಬ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಿದ್ದ ಅದೇ ಗುರುಗಳು ಈಗ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಳೆಯುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿದರು. ಛಾಯಾಫಲಕದ ಮೇಲೆ ಗುರುತು ಮೂಡಲು ಹದಿನೈದು, ಇಪ್ಪತ್ತು ಗಂಟೆಗಳು ಬೇಕಾಗುತ್ತಿದ್ದವು. ಅಣ್ಣಾ ಮಣಿ ಅನೇಕ ರಾತ್ರಿಗಳನ್ನು ಪ್ರಯೋಗಾಲಯದಲ್ಲಿಯೇ ಕಳೆದರು. 1942ರಿಂದ 1945ರವರೆಗೆ ತಮ್ಮೊಬ್ಬರ ಹೆಸರಿನಲ್ಲಿಯೇ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಶಿಷ್ಯೆಯ ಕೆಲಸ ಶಿಷ್ಯೆಯ ಹೆಸರಿನಲ್ಲಿಯೇ ಹೊರಬಂದದ್ದು ಗುರುವಿಗೂ ಶೋಭೆ ತರುವ ಸಂಗತಿ.

ಆದರೂ ಅಲ್ಲಿ ಗಂಡು ಹೆಣ್ಣು ವಿದ್ಯಾರ್ಥಿಗಳು ಕಲೆತು ಮಾತನಾಡುವುದಕ್ಕೆ ಆಸ್ಪದವಿರಲಿಲ್ಲ. ವಿಜ್ಞಾನಿಗಳು ಚಹಾ ಕುಡಿಯುತ್ತ, ಅಂಗಳದಲ್ಲಿ ಅಡ್ಡಾಡುತ್ತ ನಡೆಸುವ ಚರ್ಚೆಯೂ ವಿದ್ಯಾಭ್ಯಾಸದ ಭಾಗವೇ. ಆ ಭಾಗದಿಂದ ವಿದ್ಯಾರ್ಥಿನಿಯರು ಹೊರಗುಳಿದರು. 1945ರಲ್ಲಿ ಅಣ್ಣಾ ಮಣಿ ತಮ್ಮ ಪ್ರೌಢಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದಾಗ, ಅವರಿಗೆ ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾಲಯ ಪಿಎಚ್.ಡಿ. ನೀಡಲು ಒಪ್ಪಲಿಲ್ಲ. ಆನರ್ಸ್ ಪದವಿ ಇತ್ತು, ಐದು ಲೇಖನಗಳು ಅಚ್ಚಾಗಿದ್ದವು. ಇದ್ದ ಕೊರತೆ ಒಂದು ಕಾಗದದ್ದು. ಅವರು ಹಟ ಹಿಡಿಯದೆ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, ಭಾರತದ ಹವಾಮಾನ ಇಲಾಖೆಯಲ್ಲಿ ಉಪಮಹಾನಿರ್ದೇಶಕರ ಹುದ್ದೆಯವರೆಗೆ ಏರಿ, 1976ರಲ್ಲಿ ನಿವೃತ್ತರಾದರು. ಗಾಳಿ, ಬಿಸಿಲು, ಮಳೆಯನ್ನು ಅಳೆಯುವ ಉಪಕರಣಗಳು ಸ್ವದೇಶದಲ್ಲಿಯೇ ತಯಾರಾಗುವಂತೆ ದುಡಿದವರಲ್ಲಿ ಅವರು ಅಗ್ರಗಣ್ಯರು. ಪಿಎಚ್.ಡಿ. ಮಾತ್ರ ಕೊನೆಯವರೆಗೂ ಬರಲಿಲ್ಲ. ಬಾಗಿಲು ತೆರೆಯುವುದು ಬೇರೆ. ಒಳಗಿನ ಒಂದೊಂದು ಮೆಟ್ಟಿಲಿನಲ್ಲಿಯೂ ಜೊತೆಗಿರುವುದು ಬೇರೆ.

ಇಲ್ಲಿ ರಾಮನ್ ಅವರನ್ನು ದೂಷಿಸುವುದು ಉದ್ದೇಶವಲ್ಲ. ಅವರು ದೊಡ್ಡ ವಿಜ್ಞಾನಿ, ಅನೇಕ ಶಿಷ್ಯರನ್ನು ತಯಾರಿಸಿದ ಗುರು, ತಮ್ಮ ಅಭಿಪ್ರಾಯವನ್ನು ಒಂದು ಮಟ್ಟಿಗೆ ಬದಲಿಸಿಕೊಂಡವರು. ಇವೆಲ್ಲವೂ ನಿಜ. ತಮ್ಮನ್ನು ಅಂದು ನಡೆಸಿಕೊಂಡ ರೀತಿಯನ್ನು ಕಮಲಾ ಅವರು ಮುಪ್ಪಿನಲ್ಲಿಯೂ ನೋವಿನಿಂದ ನೆನೆಯುತ್ತಿದ್ದರು ಎಂಬುದೂ ನಿಜ. ಒಂದು ಸತ್ಯದಿಂದ ಇನ್ನೊಂದು ಸತ್ಯ ಅಳಿಸಿಹೋಗುವುದಿಲ್ಲ. ಶ್ರೇಷ್ಠನಾದವನ ಲೋಪ ಸಾಮಾನ್ಯನ ಲೋಪಕ್ಕಿಂತ ಹೆಚ್ಚು ಜನರನ್ನು ತಟ್ಟುತ್ತದೆ ಎಂಬ ಎಚ್ಚರವೇ ಇಲ್ಲಿ ಗ್ರಾಹ್ಯ.

ಇಂಥ ಕೆಲಸ ಒಬ್ಬಿಬ್ಬರು ಅಧ್ಯಾಪಕರ ಸದ್ಗುಣದ ಮೇಲೆ ನಿಂತರೆ ಆ ಅಧ್ಯಾಪಕರು ಇಲ್ಲದ ಕಡೆ ವಿದ್ಯಾರ್ಥಿಯ ಗತಿಯೇನು? ಸದ್ಗುಣವನ್ನು ಸಂಸ್ಥೆಯ ಪದ್ಧತಿಯನ್ನಾಗಿ ಮಾಡಲು ಸಾಧ್ಯವೇ? ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದಲ್ಲಿದ್ದಾರೆ. ಗುಲಾಮಗಿರಿಯ ಮತ್ತು ವರ್ಣಭೇದದ ಇತಿಹಾಸವುಳ್ಳ ಆ ದೇಶದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ವಿಜ್ಞಾನ, ಗಣಿತಗಳಲ್ಲಿ ಬಹುಕಾಲ ಹಿಂದುಳಿದಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರು ಇದರ ಕಾರಣವನ್ನು ಶೋಧಿಸಲು ಹೊರಟರು. ವಿದ್ಯಾರ್ಥಿಗಳಿಗೆ ಹಂಬಲ ಸಾಲದು, ಪೂರ್ವಸಿದ್ಧತೆ ಸಾಲದು, ಮನೆಯವರ ಬೆಂಬಲ ಸಾಲದು ಎಂದು ಅಧ್ಯಾಪಕರು ಹೇಳುತ್ತಿದ್ದರು. ಟ್ರೈಸ್ಮನ್ 20 ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಬಹಳ ಕಾಲ ಹತ್ತಿರದಿಂದ ಗಮನಿಸಿದರು. ಆ ಊಹೆಗಳಲ್ಲಿ ಒಂದೂ ನಿಲ್ಲಲಿಲ್ಲ. ಚೀನೀ ಮೂಲದವರು ಒಟ್ಟಿಗೆ ಕುಳಿತು ಓದುತ್ತಿದ್ದರು. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಕೊಠಡಿಯಲ್ಲಿ ಒಬ್ಬೊಬ್ಬರೇ ಕುಳಿತು ಗಂಟೆಗಟ್ಟಲೆ ಓದುತ್ತಿದ್ದರು. ಎಲ್ಲಿ ತಪ್ಪಿದೆವೆಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಶ್ರಮಕ್ಕೆ ಕೊರತೆಯಿರಲಿಲ್ಲ, ಇದ್ದದ್ದು ಒಂಟಿತನ. ಟ್ರೈಸ್ಮನ್ ಅವರನ್ನು ಒಂದೆಡೆ ಸೇರಿಸಿ, ಸುಲಭವಾದ ಪಾಠಗಳ ಬದಲು ತರಗತಿಯಲ್ಲಿ ಕೊಡುವುದಕ್ಕಿಂತಲೂ ಕಠಿಣವಾದ ಲೆಕ್ಕಗಳನ್ನು ಕೊಟ್ಟರು. ಫಲಿತಾಂಶ ಬದಲಾಯಿತು. ಕನಿಕರದಿಂದ ಆಗದ ಕೆಲಸ ಗೌರವದಿಂದ ಆಯಿತು.

ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಬಾಲ್ಟಿಮೋರ್ ನಗರದ ಹೊರವಲಯದಲ್ಲಿರುವ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಇದಕ್ಕಿಂತ ವಿಸ್ತಾರವಾದ ಯೋಜನೆಯೊಂದು ಹುಟ್ಟಿತು. ರಾಬರ್ಟ್ ಮೇಯರ್‌ಹಾಫ್, ಜೇನ್ ಮೇಯರ್‌ಹಾಫ್ ಎಂಬ ದಂಪತಿಗಳು ಧನ ಕೊಟ್ಟರು. ಅದಕ್ಕೆ ರೂಪು ಕೊಟ್ಟವರು ಫ್ರೀಮನ್ ಹ್ರಬೌಸ್ಕಿ ಎಂಬ ಗಣಿತದ ಪ್ರಾಧ್ಯಾಪಕರು. ಅವರು ಹುಟ್ಟಿ ಬೆಳೆದದ್ದು ದಕ್ಷಿಣದ ಬರ್ಮಿಂಗ್‌ಹ್ಯಾಮಿನಲ್ಲಿ. 1963ರಲ್ಲಿ ಸಮಾನ ಹಕ್ಕುಗಳಿಗಾಗಿ ಮಕ್ಕಳು ನಡೆಸಿದ ಮೆರವಣಿಗೆಯಲ್ಲಿ ಪಾಲ್ಗೊಂಡು, ಹನ್ನೆರಡರ ಪ್ರಾಯದಲ್ಲಿಯೇ ಸೆರೆಮನೆ ಕಂಡವರು. 1989ರಲ್ಲಿ 19 ಮಂದಿ ಕಪ್ಪು ತರುಣರ ಮೊದಲ ತಂಡ ಸೇರಿತು. ಮರುವರ್ಷ ತರುಣಿಯರಿಗೂ ಅವಕಾಶವಾಯಿತು.

ಅಲ್ಲಿಯ ಕ್ರಮ ಹೀಗಿದೆ. ಕಾಲೇಜು ಆರಂಭವಾಗುವ ಮೊದಲೇ ಬೇಸಗೆಯಲ್ಲಿ ಆರು ವಾರ ವಿದ್ಯಾರ್ಥಿಗಳು ಒಟ್ಟಿಗೆ ಇದ್ದು ಓದುತ್ತಾರೆ. ಒಬ್ಬೊಬ್ಬರೇ ಓದುವುದನ್ನು ಬಿಡಿಸಿ ಗುಂಪಿನಲ್ಲಿ ಓದುವುದನ್ನು ರೂಢಿಮಾಡಿಸುತ್ತಾರೆ. ಒಂದು ವಿಷಯದಲ್ಲಿ ಸಾಧಾರಣ ದರ್ಜೆ ಬಂದರೆ, ಅದು ಉತ್ತೀರ್ಣವೇ ಆಗಿದ್ದರೂ ಅದನ್ನೇ ಮತ್ತೊಮ್ಮೆ ಓದಲು ಹೇಳುತ್ತಾರೆ. ತಳಹದಿ ದುರ್ಬಲವಾದರೆ ಮೇಲಿನ ಕಟ್ಟಡ ನಿಲ್ಲುವುದಿಲ್ಲವಷ್ಟೆ. ಪದವಿಯ ಆರಂಭದ ವರ್ಷಗಳಲ್ಲಿಯೇ ಅಧ್ಯಾಪಕರ ಪ್ರಯೋಗಾಲಯಗಳಲ್ಲಿ ಕೆಲಸಕ್ಕೆ ಹಚ್ಚುತ್ತಾರೆ. ಎಚ್.ಐ.ವಿ. ವೈರಾಣುವಿನ ರಚನೆಯನ್ನು ಅಧ್ಯಯನ ಮಾಡಿದ ಮೈಕೆಲ್ ಸಮರ್ಸ್ ಅಂಥ ಅಧ್ಯಾಪಕರಲ್ಲಿ ಒಬ್ಬರು. ಅವರ ಪ್ರಯೋಗಾಲಯದಲ್ಲಿ ಪದವಿ ವಿದ್ಯಾರ್ಥಿಗಳು ನಿಜವಾದ ಸಂಶೋಧನೆಯಲ್ಲಿಯೇ ಪಾಲುಗೊಂಡರು. ಈ ಯೋಜನೆಗೆ ಆಹ್ವಾನ ಬಂದೂ ಬೇರೆಡೆಗೆ ಹೋದವರಿಗಿಂತ, ಇದರಲ್ಲಿ ಸೇರಿದವರು ವಿಜ್ಞಾನದ ಪಿಎಚ್.ಡಿ. ಹಾದಿ ಹಿಡಿಯುವ ಸಂಭವ ಸುಮಾರು 5 ಪಟ್ಟು ಹೆಚ್ಚೆಂದು ಯೋಜನೆಯನ್ನು ಅಭ್ಯಸಿಸಿದವರು ಲೆಕ್ಕ ಹಾಕಿದ್ದಾರೆ. ಇಬ್ಬರೂ ಸಮಾನ ಪ್ರತಿಭೆಯವರೇ. ವ್ಯತ್ಯಾಸ ಮಾಡಿದ್ದು ಆರೈಕೆ. 2013ರ ಸುಮಾರಿಗೆ ಪೆನ್ಸಿಲ್ವೇನಿಯಾ ಮತ್ತು ನಾರ್ತ್ ಕ್ಯಾರೊಲಿನಾ ಸಂಸ್ಥಾನಗಳ ವಿಶ್ವವಿದ್ಯಾಲಯಗಳೂ ಇದೇ ಕ್ರಮವನ್ನು ತಮ್ಮಲ್ಲಿ ಆರಂಭಿಸಿದವು.

2008ರಲ್ಲಿ ಈ ಯೋಜನೆಯಿಂದ ಪದವಿ ಪಡೆದು ಹೊರಬಂದ ಕಿಜ್ಮೆಕಿಯಾ ಕಾರ್ಬೆಟ್ ಎಂಬಾಕೆ 2020ರಲ್ಲಿ ಕೊರೋನಾ ರೋಗದ ವಿರುದ್ಧ ಮೊಡೆರ್ನಾ ಲಸಿಕೆಯನ್ನು ರೂಪಿಸಿದ ಸರ್ಕಾರಿ ವಿಜ್ಞಾನಿಗಳ ತಂಡದಲ್ಲಿ ಪ್ರಮುಖರಾಗಿದ್ದರು. ಒಬ್ಬ ಹುಡುಗಿಗೆ ಕೊಟ್ಟ ಗಮನ ಲೋಕಕ್ಕೆ ಔಷಧದಾನವಾಗಿ ಹಿಂದಿರುಗಿತೆಂದು ಹೇಳಬಹುದು. ಆದರೆ ಇಲ್ಲಿ ಎಚ್ಚರ ಬೇಕು. ಲಸಿಕೆ ಕಂಡುಹಿಡಿಯುವಳೆಂಬ ಕಾರಣಕ್ಕೆ ಅವಳು ಕಲಿಯಲು ಅರ್ಹಳು ಎನ್ನುವುದಾದರೆ, ಏನನ್ನೂ ಕಂಡುಹಿಡಿಯದ ಅವಳ ಸಹಪಾಠಿ ಅನರ್ಹಳೆಂದಂತಾಗುತ್ತದೆ. ಉಪಯೋಗ ಫಲವಾಗಬಹುದು, ಅದೇ ನ್ಯಾಯದ ಆಧಾರವಾಗಲಾರದು. ಅರಿಯುವ ಶಕ್ತಿ ಜೀವದ ಸ್ವಭಾವ. ಅದಕ್ಕೆ ಕವಿದ ಆವರಣವನ್ನು ಸರಿಸಲು ನೆರವಾಗುವುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಇಷ್ಟಾದರೂ ಪಕ್ಷಪಾತದ ಪ್ರಶ್ನೆ ಉಳಿಯುತ್ತದೆ. ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕೆಲವರನ್ನು ಮಾತ್ರ ಆರಿಸಿ ಕೊಡುವುದು ಬಿಟ್ಟುಹೋದವರಿಗೆ ನೋವು ತರುತ್ತದೆ, ಅವರಲ್ಲಿಯೂ ಬಡವರಿರುತ್ತಾರೆ. ಮೇರಿಲ್ಯಾಂಡಿನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಮೀಸಲಾಗಿದ್ದ ವಿದ್ಯಾರ್ಥಿವೇತನವನ್ನು 1994ರಲ್ಲಿ ನ್ಯಾಯಾಲಯ ರದ್ದುಪಡಿಸಿತು. 1996ರಿಂದ ಮೇಯರ್‌ಹಾಫ್ ಯೋಜನೆಯೂ ಎಲ್ಲ ವರ್ಣದವರಿಗೆ ತೆರೆದುಕೊಂಡಿತು. ಯೋಜನೆ ಕುಗ್ಗಲಿಲ್ಲ. ಹಿಂದುಳಿದವರ ಏಳಿಗೆಯಲ್ಲಿ ಆಸಕ್ತಿಯುಳ್ಳ ಯಾರಾದರೂ ಸೇರಬಹುದೆಂಬ ನಿಯಮದಡಿ ಬೆಳೆಯಿತು. ಒಂಟಿಯಾದವನಿಗಾಗಿ ಕಂಡುಕೊಂಡ ಒಳ್ಳೆಯ ಕಲಿಸುವ ಕ್ರಮ ಎಲ್ಲರಿಗೂ ಒಳ್ಳೆಯದೇ ಎಂಬುದು ಇದರಿಂದ ಸ್ಪಷ್ಟವಾಯಿತು.

ವ್ಯಾಪಾರ ಬಲ್ಲವರಿಗೆ ಇನ್ನೊಂದು ದೃಷ್ಟಾಂತ ಸಾಕು. ತೂಗುವ ಮೊದಲು ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿವೆಯೇ ಎಂದು ಪ್ರಾಮಾಣಿಕನಾದ ವರ್ತಕ ನೋಡುತ್ತಾನೆ. ಖಾಲಿ ತಟ್ಟೆಯೇ ಒಂದು ಕಡೆಗೆ ವಾಲಿದ್ದರೆ ಇನ್ನೊಂದು ಕಡೆಗೆ ಸ್ವಲ್ಪ ಭಾರ ಸೇರಿಸಿ ಮೊದಲು ಸರಿಪಡಿಸುತ್ತಾನೆ; ಆಮೇಲೆ ಬಟ್ಟು ಇಡುತ್ತಾನೆ. ಹಾಗೆ ಭಾರ ಸೇರಿಸಿದ್ದನ್ನು ಯಾರೂ ಮೋಸವೆನ್ನುವುದಿಲ್ಲ. ವಾಲಿದ ತಕ್ಕಡಿಯಲ್ಲಿಯೇ ತೂಗುವುದು ಮೋಸ. ಆದರೆ ಬಟ್ಟು ಮಾತ್ರ ಎಲ್ಲರಿಗೂ ಒಂದೇ ಇರಬೇಕು. ಪ್ರಯೋಗದ ನಿಖರತೆ, ಪ್ರಬಂಧದ ಗುಣ, ಸತ್ಯದ ಮಾನದಂಡ ಇವುಗಳಲ್ಲಿ ರಿಯಾಯಿತಿ ತೋರಿದ ಗುರು ಶಿಷ್ಯನಿಗೆ ಉಪಕಾರ ಮಾಡಲಿಲ್ಲ, ಅವನ ಶಕ್ತಿಯನ್ನು ನಂಬಲಿಲ್ಲ. ಶ್ರೀನಿವಾಸಯ್ಯನವರ ಶಿಸ್ತಿಗೂ ಟ್ರೈಸ್ಮನ್ನರ ಕಠಿಣ ಲೆಕ್ಕಗಳಿಗೂ ಇದೇ ಅರ್ಥ.

ಕೊಡುವವನ ಕಡೆಗೂ ದೃಷ್ಟಿ ಹರಿಸಬೇಕು. ಮಾರ್ಗದರ್ಶನಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಕಾಲ. ಅಧ್ಯಾಪಕನ ಬಡ್ತಿಗೆ ಅವನ ಲೇಖನಗಳ ಎಣಿಕೆಯುಂಟು. ಶಿಷ್ಯನೊಡನೆ ಕಳೆದ ಸಂಜೆಗಳ ಎಣಿಕೆ ಇಲ್ಲ. ಆದುದರಿಂದ ಈ ಹೊಣೆಯನ್ನು ಹೊರುವವರು ಕೆಲವರೇ ಆಗುತ್ತಾರೆ, ಅನೇಕ ಸಲ ಅದೇ ಕಷ್ಟವನ್ನು ತಾವು ಉಂಡು ಬಂದವರು. ಇದು ನ್ಯಾಯವಲ್ಲ. ಇನ್ನೊಂದು ಅಪಾಯವೂ ಇದೆ. ತಾನೇ ಮೇಲೆತ್ತಿದೆನೆಂಬ ಅಹಂಕಾರ ದಾನಿಯನ್ನು ಹಿಡಿಯುವಂತೆ ಗುರುವನ್ನೂ ಹಿಡಿಯುತ್ತದೆ. ಶಿಷ್ಯನ ಶೋಧನೆಗೆ ತನ್ನ ಹೆಸರನ್ನು ಮೊದಲು ಹಾಕಿಕೊಳ್ಳುವುದು, ಋಣದ ನೆನಪು ಮಾಡಿ ದುಡಿಸಿಕೊಳ್ಳುವುದು, ತನ್ನ ಮತಕ್ಕೆ ಒಪ್ಪದಿದ್ದರೆ ಶಿಫಾರಸು ಪತ್ರ ತಡೆಯುವುದು, ಇವೆಲ್ಲ ವಿದ್ಯಾಲಯಗಳಲ್ಲಿ ಕೇಳದ ಸಂಗತಿಗಳಲ್ಲ. ಅಚೌರ್ಯವನ್ನು ವ್ರತವೆಂದು ತಿಳಿದವರು, ಇನ್ನೊಬ್ಬರ ಬುದ್ಧಿಯ ಫಲವನ್ನು ಅಪಹರಿಸುವುದೂ ಚೌರ್ಯವೇ ಎಂಬುದನ್ನು ಒಪ್ಪದಿರಲಾರರು. ಪ್ರತಿಫಲದ ಆಸೆಯಿಟ್ಟು ಕೊಟ್ಟ ಅಭಯ ಅಭಯವಲ್ಲ. ಅದು ಭಯದ ಇನ್ನೊಂದು ರೂಪ.

ಭಾರತದಲ್ಲಿ ಈ ಪ್ರಶ್ನೆ ಲಿಂಗಕ್ಕೆ ಮಾತ್ರ ಸೀಮಿತವಾದುದಲ್ಲ. 2006ರ ಕಾಯ್ದೆಯೊಂದರ ಮೂಲಕ ಕೇಂದ್ರ ಸರ್ಕಾರದ ಉನ್ನತ ವಿದ್ಯಾಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಹಿಂದುಳಿದ ವರ್ಗಗಳಿಗೆ ಸ್ಥಾನಗಳನ್ನು ಮೀಸಲಿಡಲಾಗಿದೆ. ಬಾಗಿಲನ್ನು ಕಾನೂನು ತೆರೆಯಿತು. ಒಳಗಿನ ಸ್ಥಿತಿಯನ್ನು ಅರಿಯಲು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಗ್ಗೆ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಸಮಿತಿ 2007ರಲ್ಲಿ ಕೊಟ್ಟ ವರದಿಯನ್ನು ನೆನೆಯಬಹುದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ, ಅಧ್ಯಾಪಕರಿಂದ ತಕ್ಕ ಬೆಂಬಲ ತಮಗೆ ಸಿಗುತ್ತಿಲ್ಲವೆಂದು ಆ ಸಮಿತಿಯ ಮುಂದೆ ಹೇಳಿದ್ದರು. ಸ್ಥಾನ ಕೊಡುವುದು ಶಾಸನದಿಂದ ಆಗಬಲ್ಲದು. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವಂತೆ ಮಾಡುವ ಶಾಸನ ಎಲ್ಲಿಯೂ ಇಲ್ಲ. ಅದು ಮನುಷ್ಯನ ಅಂತರಂಗಕ್ಕೆ ಬಿಟ್ಟ ಕೆಲಸ. ಧರ್ಮದ ಕೆಲಸ ಆರಂಭವಾಗುವುದೂ ಅಲ್ಲಿಯೇ.

ವಿದ್ಯಾರ್ಥಿವೇತನ ಕೊಡುವ ಧರ್ಮಸಂಸ್ಥೆಗಳಿಗೂ ಇದರಲ್ಲಿ ವಿಚಾರ ಮಾಡತಕ್ಕ ಅಂಶವುಂಟು. ಮೇಯರ್‌ಹಾಫ್ ದಂಪತಿಗಳ ಧನ ಹ್ರಬೌಸ್ಕಿಯವರ ಕಾಲದೊಡನೆ ಕೂಡದಿದ್ದರೆ ಅದೂ ಚೆಕ್ಕು ಬರೆದು ಮರೆತುಬಿಡುವ ಒಂದು ದತ್ತಿಯಾಗುತ್ತಿತ್ತು. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಲಕೋಟೆ ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದರ ಜೊತೆಗೆ, ಸಮಾಜದಲ್ಲಿರುವ ಪ್ರಾಧ್ಯಾಪಕರು, ವೈದ್ಯರು, ಇಂಜಿನಿಯರುಗಳು ಆ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರನ್ನು ತಿಂಗಳಿಗೊಮ್ಮೆ ಕಂಡು, ಓದು ಹೇಗಿದೆ, ಅಡಚಣೆ ಏನು, ಮುಂದೇನು ಎಂದು ವಿಚಾರಿಸುವ ಪದ್ಧತಿ ಇಟ್ಟುಕೊಂಡರೆ ಖರ್ಚು ಏರುವುದಿಲ್ಲ. ಆ ವಿದ್ಯಾರ್ಥಿ ಯಾವ ಕುಲದವನಾದರೂ ಆಗಿರಲಿ. ಅವನಿಗೆ ಹಣದಷ್ಟೇ ಅಗತ್ಯವಾದದ್ದು, ಮೂರ್ಖಪ್ರಶ್ನೆ ಎಂದು ನಗದೆ ಕೇಳಿಸಿಕೊಳ್ಳುವ ಒಂದು ಕಿವಿ.

ಕಮಲಾ ಭಾಗವತ್ ಮದುವೆಯ ನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು. ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ, ತಮ್ಮ ವಿದ್ಯಾರ್ಥಿಗಳೊಡನೆ ಬೇಳೆಕಾಳು, ನೀರಾ ಮುಂತಾದ ಬಡವರ ಆಹಾರಗಳ ಪೋಷಕಗುಣಗಳನ್ನು ಶೋಧಿಸಿದರು. ಮುಂದೆ ಆ ಸಂಸ್ಥೆಗೇ ನಿರ್ದೇಶಕರಾದರು. ಅವರು ತೀರಿಕೊಂಡದ್ದು 1998ರಲ್ಲಿ. ಒಮ್ಮೆ ಬಾಗಿಲಿನ ಹೊರಗೆ ನಿಂತವರು ಬಾಗಿಲಿನೊಳಗಿನ ಗುರುವಾದರು. ಅಂಥವರ ಕೈಯಲ್ಲಿ ಕಲಿತವರಿಗೆ ತಾವು ಇಲ್ಲಿರಲು ಅರ್ಹರೇ ಎಂಬ ಸಂಶಯವನ್ನು ಹೊರುವ ಕಾರಣವಿರಲಿಲ್ಲ.

ಮಾರ್ಗದರ್ಶನ ಔದಾರ್ಯವೋ ಕರ್ತವ್ಯವೋ ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಯಾವ ಗುರುವೂ ತನ್ನ ವಿದ್ಯೆಯನ್ನು ತಾನೇ ಸೃಷ್ಟಿಸಿಕೊಂಡಿಲ್ಲ. ಯಾರೋ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು, ಯಾರೋ ಅವನ ಮೊದಲ ತಪ್ಪನ್ನು ಸಹಿಸಿದ್ದರು. ಪಡೆದದ್ದನ್ನು ಮುಂದಿನವರಿಗೆ ಸಲ್ಲಿಸುವುದು ಋಣಪರಿಹಾರವೇ ಹೊರತು ಔದಾರ್ಯವಲ್ಲ. ತನ್ನಂಥವರಿಗೆ ಮಾತ್ರ ಸಲ್ಲಿಸಿದರೆ ಆ ಋಣ ಅರ್ಧ ತೀರಿದಂತೆ. ಉಳಿದರ್ಧವು, ತನ್ನಂತೆ ಕಾಣದ, ತನ್ನಂತೆ ಮಾತನಾಡದ, ಹೊಸ್ತಿಲಲ್ಲಿ ಅಂಜುತ್ತ ನಿಂತಿರುವ ವಿದ್ಯಾರ್ಥಿಗೆ ಮೇಜಿನ ಮೇಲೆ ಒಂದಿಷ್ಟು ಜಾಗ ಮಾಡಿಕೊಟ್ಟ ದಿನ ತೀರುತ್ತದೆ.